ಬೋರಲು ಗ್ಲಾಸು

ಆ ಫೋನನ್ನು ಸುಜಾತಾ ದಿನಕ್ಕೆ ಅರ್ಧ ತಾಸು ಮಾತ್ರ ಚಾಲೂ ಇಡುತ್ತಿದ್ದಳು. ಬೆಳಿಗ್ಗೆ ಆರೂವರೆಗೆ ಕಪಾಟು ತೆರೆದು, ಆನಂದಕುಮಾರನ ಎರಡು ಸ್ವೆಟರುಗಳ ನಡುವಿಂದ ಅದನ್ನು ತೆಗೆದು, ಗುಂಡಿ ಒತ್ತಿ ಹಿಡಿದು, ಬೆಳಕು ಬರುವವರೆಗೆ ಕಿಟಕಿಯ ಕಡೆ ನೋಡುತ್ತ ನಿಲ್ಲುವುದು. ಏಳಕ್ಕೆ ಬಂದ್ ಮಾಡಿ ಮತ್ತೆ ಅಲ್ಲೇ ಇಡುವುದು. ಗಂಡ ಸತ್ತು ಹನ್ನೊಂದು ತಿಂಗಳಾಗಿತ್ತು. ಅವನ ನಂಬರು ಸಾಯಬಾರದೆಂದು ಇಪ್ಪತ್ತೆಂಟು ದಿನಕ್ಕೊಮ್ಮೆ ರೀಚಾರ್ಜ್ ಮಾಡಿಸುತ್ತಿದ್ದಳು. ಅದೂ ಕಲಬುರ್ಗಿಯ ಖೂಬಾ ಪ್ಲಾಟಿನ ತನ್ನ ಓಣಿಯಲ್ಲಲ್ಲ. ಎರಡು ಆಟೋ ಬದಲಿಸಿ ರೋಜಾದ ಹತ್ತಿರ, ದರ್ಗಾಕ್ಕೆ ಬಂದ ಪರವೂರಿನ ಮಂದಿ ಮುಗಿಬಿದ್ದಿರುವ ಅಂಗಡಿಯಲ್ಲಿ. ಅಲ್ಲಿ ಯಾರೂ ಯಾರ ಮುಖವನ್ನೂ ನೆನಪಿಡುವುದಿಲ್ಲ. ಆದರೂ ಹೋದ ಸಲ ಅಂಗಡಿಯವನು ನಂಬರು ಒತ್ತುತ್ತ, ‘ಇದು ನಿಮ್ಮದೇನ್ರಿ?’ ಎಂದಿದ್ದ. ಎಲ್ಲರನ್ನೂ ಕೇಳುವ ಮಾತೇ ಇರಬೇಕು. ಹೌದೆಂದು ಹೊರಬಿದ್ದವಳು ಮೂಲೆ ತಿರುಗುವಾಗ ಹಿಂತಿರುಗಿ ನೋಡಿದ್ದಳು. ಅವನು ಬೇರೆ ಗಿರಾಕಿಯೊಡನೆ ನಗುತ್ತಿದ್ದ. ಯಾವುದಕ್ಕೆ ನಗುತ್ತಿದ್ದನೆಂಬ ಪ್ರಶ್ನೆ ಆ ರಾತ್ರಿಯೆಲ್ಲ ತಲೆಯಲ್ಲಿ ಉಳಿದುಬಿಟ್ಟಿತ್ತು.

ರವಿವಾರದ ಈ ಬೆಳಿಗ್ಗೆ ಫೋನಿಗೆ ಜೀವ ಬಂದ ಕೂಡಲೇ ನಾಲ್ಕು ಸಂದೇಶಗಳು ಬಂದು ಬಿದ್ದವು. ಎಲ್ಲವೂ ಸತ್ತವನ ಹೆಸರಿಗೇ. ‘ಆನಂದ, ನಿನ್ನ ಹೆಸರಿನ್ಯಾಗ ಯಾರು ಕಟ್ಟಿ ಬಂದ್ ಮಾಡ್ಯಾರ?’ ‘ಯಾರಿದ್ದೀರಿ ನೀವು, ಧೈರ್ಯ ಇದ್ರ ಮಾತಾಡ್ರಿ.’ ಆಕೆ ಅವನ್ನು ತೆರೆಯುತ್ತಿರಲಿಲ್ಲ. ತೆರೆದರೆ ಓದಿದ ಗುರುತಿನ ನೀಲಿ ಗೆರೆ ಬೀಳುತ್ತದೆ. ಪರದೆಯ ಮೇಲಂಚಿನಲ್ಲಿ ಕಾಣುವಷ್ಟನ್ನೇ ಓದಿಕೊಳ್ಳುತ್ತಿದ್ದಳು, ಬೇರೆಯವರ ಮನೆಯ ಕಾಗದವನ್ನು ಲಕೋಟೆ ಹರಿಯದೆ ಬೆಳಕಿಗೆ ಹಿಡಿದು ಓದುವವರ ಹಾಗೆ. ಕಟ್ಟೆಯೆಂದರೆ ‘ಕಮಲಾಪುರ ಕಟ್ಟೆ’, ನಾನೂರ ಹನ್ನೆರಡು ಮಂದಿಯ ವಾಟ್ಸ್ಆ್ಯಪ್ ಗುಂಪು. ಲಾಕ್‌ಡೌನಿನಲ್ಲಿ ಆನಂದಕುಮಾರ ತನ್ನೂರಿಗೆಂದು ಮಾಡಿದ್ದು. ಅದಕ್ಕೆ ಅವನೊಬ್ಬನೇ ಅಡ್ಮಿನ್. ಇನ್ನೊಬ್ಬರನ್ನು ಮಾಡು ಎಂದು ಆಕೆ ಹೇಳಿದಾಗ, ಯಾರನ್ನು ಮಾಡಿದರೂ ಉಳಿದವರು ಸಿಟ್ಟಾಗುತ್ತಾರೆ ಎಂದು ನಕ್ಕಿದ್ದ. ಆಮೇಲೆ ಒಂದು ದಿನ ಕಚೇರಿಯ ಮೆಟ್ಟಿಲ ಮೇಲೆ ಉಸಿರು ಬಿಡಲೆಂದು ಕೂತವನು ಏಳಲಿಲ್ಲ. ಐದು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಇದೇ ಕಿಟಕಿಯ ಹತ್ತಿರ ನಿಂತು, ಇದೇ ಫೋನಿನಲ್ಲಿ, ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದಂತೆ ಆಕೆ ಒಂದು ಬೆರಳಿನಲ್ಲಿ ಬೀಗ ಹಾಕಿಬಿಟ್ಟಿದ್ದಳು. ‘ಆನಂದಕುಮಾರ ಗುಂಪಿನ ಸೆಟ್ಟಿಂಗ್ ಬದಲಾಯಿಸಿದ್ದಾರೆ’ ಎಂಬ ಬೂದು ಅಕ್ಷರದ ಸಾಲು ಆಮೇಲೆ ಮೂಡಿತು. ಸತ್ತವನು ಬಾಗಿಲು ಹಾಕಿದನೆಂದು ಊರು ಬೆಚ್ಚಿತು. ಬೆಚ್ಚಿದ ಊರು ಎರಡು ವಾರದಲ್ಲಿ ಬದುಕಿರುವ ಒಬ್ಬನನ್ನು ಹುಡುಕಿಕೊಂಡಿತು.

ಆರೂ ಐವತ್ತಕ್ಕೆ ಆಕೆಯ ಸ್ವಂತ ಫೋನು ಬಡಿದುಕೊಂಡಿತು. ಮಾವ ಯಂಕಪ್ಪ.

‘ಯವ್ವಾ, ಎದ್ದೀದೇನು?’

‘ಎದ್ದೀನಿ ಮಾಮಾ.’

‘ಇವತ್ತ ಹನ್ನೊಂದಕ್ಕ ಗುಲಾಮ್ ರಸೂಲ್‌ನ ಹೊಟೇಲಿನ್ಯಾಗ ಮಂದಿ ಕೂಡಾಕತ್ತಾರ. ಅವನ ಮಗ ಸಲ್ಮಾನ್‌ನ ಮಾತು ಇವತ್ತ ಮುಗಸಬೇಕಂತ. ನೀನೂ ಬಾ. ಬರುವಾಗ ಆನಂದನ ಫೋನ್ ತಗೊಂಡು ಬಾ.’

‘ಅದ್ಯಾಕ?’

‘ಅದು ಬಂದ್ ಬಿದ್ದದ ಅಂತ ನೀ ನಂಗ ಹೇಳೀದಿ, ನಾ ನಾಕು ಮಂದ್ಯಾಗ ಹೇಳೀನಿ. ತಂದು ಟೇಬಲ್ ಮ್ಯಾಗ ಇಟ್ರ ಆತು. ನಮ್ಮ ಮನಿ ಮ್ಯಾಗ ಒಂದ ಮಾತು ಬರಬಾರದು ನೋಡು.’

‘ನೀ ಹೇಳೀದಿ’ ಎಂಬಲ್ಲಿ ಅವನು ಸ್ವಲ್ಪ ತಡೆದನೇ? ಉಸಿರು ತೆಗೆದುಕೊಂಡಿರಬಹುದು. ಅರವತ್ತೆಂಟರ ಮನುಷ್ಯ, ಬೀಡಿ ಸೇದುವವನು. ಆಕೆ ಬರುತ್ತೇನೆಂದಳು. ಫೋನಿಟ್ಟ ಮೇಲೆ ನೋಡಿದರೆ ಏಳೂ ಐದು. ಸತ್ತವನ ಫೋನು ಇನ್ನೂ ಚಾಲೂ ಇತ್ತು. ಇಷ್ಟು ದಿನದಲ್ಲಿ ಮೊದಲ ಸಲ ಹೊತ್ತು ಮೀರಿತ್ತು. ಬಂದ್ ಮಾಡಲು ಗುಂಡಿಯ ಮೇಲೆ ಬೆರಳಿಟ್ಟವಳು ಯಾಕೋ ಒತ್ತಲಿಲ್ಲ. ಹಾಗೇ ಬ್ಯಾಗಿನಲ್ಲಿ ಹಾಕಿಕೊಂಡು ಸ್ನಾನಕ್ಕೆ ಹೋದಳು. ನೀರು ಬಿಸಿಯಿತ್ತೋ ತಣ್ಣಗಿತ್ತೋ ತಿಳಿಯಲಿಲ್ಲ. ಈಚೆಗೆ ಅಂಥವು ತಿಳಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಕ್ಕದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಮಾರಿ ಮುಗಿಸಿ ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಹೆಂಗಸು ಕೂತು, ಆಕೆಯ ಕೊರಳನ್ನೂ ಕಾಲ್ಬೆರಳನ್ನೂ ಒಮ್ಮೆ ನೋಡಿ, ಲೆಕ್ಕ ಹಾಕಿ, ಏನೂ ಕೇಳದೆ ಕಣ್ಣು ಮುಚ್ಚಿದಳು. ಮುಂದಿನ ಸೀಟಿನವನು ಫೋನು ಹಿಡಿದು ಯಾವುದೋ ಭಾಷಣ ಕೇಳುತ್ತಿದ್ದ, ಹಿಂದಿನ ಸೀಟಿನವನು ಬೇರೆ ಭಾಷಣ. ಎರಡೂ ಸೇರಿ ಯಾವ ಮಾತೂ ಆಗದೆ ಬಸ್ಸಿನ ತುಂಬ ಸುತ್ತುತ್ತಿತ್ತು. ಯಾರೂ ಯಾರಿಗೂ ಸಣ್ಣಗೆ ಮಾಡು ಎನ್ನಲಿಲ್ಲ. ಎಂ.ಎ. ಓದುವಾಗ ಇದರ ಮೇಲೆ ಹತ್ತು ಅಂಕದ ಪ್ರಶ್ನೆಯಿತ್ತು: ಸಮಾಜದಲ್ಲಿ ಸಾರ್ವಜನಿಕ ಚರ್ಚೆಯ ತಾಣಗಳು ಹೇಗೆ ಬದಲಾಗುತ್ತವೆ, ವಿವರಿಸಿ. ಸರ್ ನೋಟ್ಸ್ ಹೇಳಿ ಬರೆಸಿದ್ದರು. ಚರ್ಚೆಯ ಬಗ್ಗೆ ಹೇಳುವ ಆ ಒಂದು ತಾಸಿನಲ್ಲಿ ನಲವತ್ತು ಮಂದಿಯಲ್ಲಿ ಒಬ್ಬರೂ ಬಾಯಿ ತೆರೆದಿರಲಿಲ್ಲ. ಆಕೆ ಗುಡಿಯ ಕಟ್ಟೆ, ಬಾವಿಯ ದಂಡೆ, ಚಹಾದ ಅಂಗಡಿ, ಪತ್ರಿಕೆ, ಟಿ.ವಿ. ಎಂದು ಸಾಲಾಗಿ ಬರೆದು ಎಂಟು ಅಂಕ ತೆಗೆದಿದ್ದಳು. ಅಲ್ಲೆಲ್ಲ ಕೂಡಲು ಯಾರಿಗೆ ಜಾಗವಿರಲಿಲ್ಲ ಎಂಬುದನ್ನು ಬರೆಯಲು ಉತ್ತರಪತ್ರಿಕೆಯಲ್ಲಿ ಜಾಗ ಉಳಿದಿರಲಿಲ್ಲ.

ಅದನ್ನು ಆನಂದಕುಮಾರ ಹೇಳಿದ್ದ, ಮದುವೆಯಾದ ಹೊಸದರಲ್ಲಿ. ಅವನ ಅಪ್ಪ ಯಂಕಪ್ಪ, ಹನುಮಂತನ ಗುಡಿಯ ಕಟ್ಟೆಯ ಕೆಳಗೆ ಬಿಸಿಲಲ್ಲಿ ನಿಂತು ಮೇಲಿನವರ ಮಾತು ಕೇಳುತ್ತಿದ್ದನಂತೆ. ಕೇಳಬಹುದಿತ್ತು, ಕೂಡುವ ಹಾಗಿರಲಿಲ್ಲ. ಆಮೇಲೆ ರಸ್ತೆಯ ಬದಿಗೆ ಗುಲಾಮ್ ರಸೂಲ್ ಹೊಟೇಲು ಹಾಕಿ ಅದರ ಮುಂದೆ ಒಂದು ಉದ್ದನೆಯ ಕಲ್ಲುಹಾಸು ಇಟ್ಟ. ಬಂದವರು ಬಂದಂತೆ ಕೂಡಬೇಕು. ಎಲ್ಲರಿಗೂ ಒಂದೇ ಬಗೆಯ ಗ್ಲಾಸು. ಮೊದಲು ಪೇಪರು ಓದುವುದು: ಉರ್ದು ಪೇಪರನ್ನು ಗುಲಾಮ್ ರಸೂಲ್, ಕನ್ನಡದ್ದನ್ನು ಕಾಶಿರಾಯ ಮಾಸ್ತರ. ಓದಿ ಮಡಚಿದ ಮೇಲೆ ಮಾತು. ತನ್ನ ಮಾತು ಮುಗಿಯಿತು ಎನ್ನುವವನು ಚಹಾದ ಗ್ಲಾಸನ್ನು ಕಲ್ಲಿನ ಮೇಲೆ ಬೋರಲು ಹಾಕಿ ಏಳಬೇಕು. ನೆಟ್ಟಗೆ ಬಿಟ್ಟು ಹೋದರೆ ಅವನಿಗೆ ಇನ್ನೂ ಹೇಳುವುದಿದೆ ಎಂದರ್ಥ. ಅವನು ತಿರುಗಿ ಬಂದು ಹೇಳುವವರೆಗೆ ಗುಲಾಮ್ ರಸೂಲ್ ಆ ಗ್ಲಾಸನ್ನು ಮುಟ್ಟುತ್ತಿರಲಿಲ್ಲ, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಒಮ್ಮೆ ತಮ್ಮವರ ಸ್ಮಶಾನದ ದಾರಿಗೆ ಯಾರೋ ಬೇಲಿ ಹಾಕಿದಾಗ ಯಂಕಪ್ಪ ಗ್ಲಾಸನ್ನು ನೆಟ್ಟಗೆ ಬಿಟ್ಟು ಎದ್ದುಹೋಗಿದ್ದನಂತೆ. ನಾಲ್ಕು ದಿನ ಅದು ಕಲ್ಲಿನ ತುದಿಯಲ್ಲಿ ಧೂಳು ಕುಡಿಯುತ್ತ ನಿಂತಿತು. ಅದರ ಪಕ್ಕ ಕೂತವರಿಗೆ ಚಹಾ ಇಳಿಯಲಿಲ್ಲ. ಐದನೇ ದಿನ ಪಂಚಾಯಿತಿಯವರೇ ಯಂಕಪ್ಪನ ಮನೆಗೆ ಬಂದರು. ‘ಕೋರ್ಟು ಮಾಡದ ಕೆಲಸ ಒಂದು ಗ್ಲಾಸು ಮಾಡಿತು’ ಎಂದು ಹೇಳುವಾಗ ಆನಂದಕುಮಾರನ ಮುಖ ಹುಡುಗನ ಮುಖವಾಗುತ್ತಿತ್ತು. ಆಕೆ ಕೇಳಿದ್ದಳು: ಹೆಂಗಸರ ಗ್ಲಾಸು? ಅವನು ಅದೇ ದಿನ ಆಕೆಗೆ ಹೊಟೇಲಿನ ಚಹಾವನ್ನು ರಸ್ತೆಯಲ್ಲಿ ನಿಂತ ಆಟೋದ ಹತ್ತಿರಕ್ಕೇ ತಂದುಕೊಟ್ಟಿದ್ದ. ಕುಡಿದ ಮೇಲೆ ಖಾಲಿ ಗ್ಲಾಸನ್ನು ಎಲ್ಲಿ ಇಡುವುದೆಂದು ತಿಳಿಯದೆ ಅವನ ಕೈಗೇ ಕೊಟ್ಟಿದ್ದಳು.

ಆ ಕಲ್ಲುಹಾಸು ಈಗ ಇಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ಹೊಟೇಲು ಹಿಂದೆ ಸರಿದು, ಟೈಲ್ಸ್ ಹಾಕಿಸಿಕೊಂಡು, ಟಿ.ವಿ. ಕೂಡಿಸಿಕೊಂಡಿತು. ಕಟ್ಟೆ ಫೋನಿನೊಳಕ್ಕೆ ಬಂತು. ದಿನಾ ಬೆಳಿಗ್ಗೆ ಆನಂದಕುಮಾರ ಹಲ್ಲುಜ್ಜುವ ಮೊದಲೇ ಪೇಪರು ಹರಡಿಕೊಂಡು, ದಪ್ಪ ಅಕ್ಷರದ ಸುದ್ದಿಗಳನ್ನು ತನ್ನ ದನಿಯಲ್ಲಿ ಓದಿ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಮೊದಲು ತಾರೀಖು, ಆಮೇಲೆ ಊರು, ಆಮೇಲೆ ಸುದ್ದಿ. ಅಡುಗೆಮನೆಯಲ್ಲಿ ಆಕೆ ಕುಕ್ಕರಿನ ಸೀಟಿಯನ್ನು ಆ ನಾಲ್ಕು ನಿಮಿಷ ತಡೆಹಿಡಿಯಬೇಕಾಗಿತ್ತು. ಓದುಬರಹ ಇರುವವರ ಊರಿಗೆ ಇದೇನು ಹುಚ್ಚು ಎಂದು ಅಂದುಕೊಂಡಿದ್ದಳು, ಕೇಳಿರಲಿಲ್ಲ.

ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗ ಬ್ಯಾಗಿನೊಳಗೆ ಅವನ ಫೋನು ಒಮ್ಮೆ ನಡುಗಿತು. ಖಾಲಿ ಬುಟ್ಟಿಯ ಹೆಂಗಸು ಕಣ್ಣು ತೆರೆದು ಬ್ಯಾಗನ್ನು ನೋಡಿದಳು. ಸುಜಾತಾ ಅದನ್ನು ತೊಡೆಗೆ ಒತ್ತಿಕೊಂಡಳು. ಕಟ್ಟೆಗೆ ಬೀಗ ಹಾಕಿದ ದಿನದ ಸಂದೇಶದ ಒಂದೊಂದು ಅಕ್ಷರವೂ ಬಾಯಿಗೆ ಬರುತ್ತಿತ್ತು. ಗಂಡನ ಕಚೇರಿಯಲ್ಲಿ ಅನುಕಂಪದ ಮೇಲೆ ಕೆಲಸ ಸಿಕ್ಕಿ, ಅವನ ಮೇಜಿನ ಎದುರಿನ ಮೇಜಿಗೆ ಆಕೆ ಕೂತ ಮೂರನೇ ದಿನ ಕಾಶಿರಾಯ ಮಾಸ್ತರ ಕಟ್ಟೆಯಲ್ಲಿ ಬರೆದದ್ದು. ಅಶ್ಲೀಲವಿರಲಿಲ್ಲ. ಯಾರ ಮುಂದೆ ಹಿಡಿದರೂ ಇದರಲ್ಲೇನಿದೆ ಎನ್ನಬಹುದಾದ ಮಾತು. ಅದರ ಕೆಳಗೆ ಹನ್ನೊಂದು ನಗುವ ಮುಖಗಳು. ನಗುವ ಮುಖಗಳನ್ನು ಸಹಿಸಬಹುದಿತ್ತು. ಹನ್ನೆರಡನೆಯದು ಒಂದು ಹೆಬ್ಬೆಟ್ಟು, ಎತ್ತಿ ಹಿಡಿದ ಹಳದಿ ಹೆಬ್ಬೆಟ್ಟು. ಅದರ ಮೇಲೆ ಬೆರಳಿಟ್ಟರೆ ಕಂಡ ಹೆಸರು ಯಂಕಪ್ಪ. ಮಗನ ಹೆಂಡತಿಯ ಬಗ್ಗೆ ಹನ್ನೊಂದು ಮಂದಿ ನಕ್ಕದ್ದಕ್ಕೆ ಸರಿ ಎಂದು ಒತ್ತಿದ ಮಾವ. ಆ ಹೆಬ್ಬೆಟ್ಟನ್ನು ನೋಡುತ್ತಲೇ ಬೀಗ ಹಾಕಿದ್ದಳು. ಮರುವಾರ ಅವನು ಫೋನು ಮಾಡಿ, ‘ಯವ್ವಾ, ಅವನ ಫೋನ್ ಎಲ್ಲದ?’ ಎಂದಾಗ, ‘ಬಂದ್ ಮಾಡಿ ಕಪಾಟಿನ್ಯಾಗ ಇಟ್ಟೀನಿ, ಅವತ್ತಿನಿಂದ ತೆಗದಿಲ್ಲ’ ಎಂದಿದ್ದಳು. ಸುಳ್ಳು ಹೇಳಿದೆನೆಂದು ಆಗ ಅನ್ನಿಸಲಿಲ್ಲ. ಅವನಿಗೆ ತಕ್ಕ ಉತ್ತರ ಎನ್ನಿಸಿತ್ತು. ಆ ಉತ್ತರ ಅವನನ್ನು ದಾಟಿ ಮೊಬೈಲ್ ರಿಪೇರಿಯ ಸಲ್ಮಾನ್‌ನ ಕೊರಳಿಗೆ ಹೋಗಿ ಬೀಳುತ್ತದೆಂದು ಹೊಳೆದಿರಲಿಲ್ಲ. ಆನಂದಕುಮಾರನ ಫೋನಿನ ಗಾಜು ಒಡೆದಾಗ ಕೂಡಿಸಿಕೊಟ್ಟವನು ಅವನೇ. ಆಗಲೇ ಒಳಗಿನದೆಲ್ಲ ಕದ್ದಿಟ್ಟುಕೊಂಡ, ಈಗ ಸತ್ತವನ ಹೆಸರಿನಲ್ಲಿ ಊರಿನ ಬಾಯಿ ಕಟ್ಟಿದ ಎಂದು ಊರು ತೀರ್ಮಾನಿಸಿತ್ತು. ಆಕೆಗೆ ಇದು ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಅರ್ಧ ತಾಸು.

ಕಮಲಾಪುರದಲ್ಲಿ ಇಳಿದಾಗ ಹತ್ತೂವರೆ. ಹೊಟೇಲಿಗೆ ಹೊಂದಿಕೊಂಡೇ ಸಲ್ಮಾನ್‌ನ ಅಂಗಡಿ, ಅರ್ಧ ಎಳೆದ ಶಟರು. ಮೊದಲು ಹೆಸರಿನ ಚೀಟಿ ಅಂಟಿಸಿದ ಇಪ್ಪತ್ತು ಮೂವತ್ತು ಫೋನುಗಳು ಸಾಲಾಗಿ ಮಲಗಿರುತ್ತಿದ್ದ ಗಾಜಿನ ಕೌಂಟರಿನಲ್ಲಿ ಈಗ ಎರಡಿದ್ದವು, ಎರಡಕ್ಕೂ ಚೀಟಿಯಿರಲಿಲ್ಲ. ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಸಲ್ಮಾನ್ ಆಕೆಯನ್ನು ಕಂಡು ಎದ್ದು ನಿಂತ.

‘ಸಲಾಂ ಭಾಬಿ. ಬಸ್ ಲಗೂನ ಸಿಕ್ತೇನು?’

‘ಸಿಕ್ತು. ಆಸ್ಮಾ ಹ್ಯಾಂಗಿದ್ದಾಳ?’

‘ತವರಿಗೆ ಕಳಿಸೀನ್ರಿ. ಇಲ್ಲಿ ನೀರಿಗೆ ಹೋದ್ರೂ ಯಾರಾದ್ರೂ ಒಂದ ಮಾತು ಅಂತಾರ. ಅಕಿ ಬಂದು ಒಲಿ ಮುಂದ ಅಳತಿದ್ಲು.’ ಆಮೇಲೆ ಕೌಂಟರಿನ ಕಡೆ ಕೈ ಮಾಡಿ ನಕ್ಕ. ‘ಮಂದಿ ಚಾರ್ಜರ್ ವೈರ್ ಸುದ್ದಾ ಕಲಬುರ್ಗಿಗೆ ಒಯ್ಯಾಕತ್ತಾರ. ನನ್ನ ಕೈಯಾಗ ಕೊಟ್ರ ನಾ ಫೋನಿನ ಒಳಗ ಹೊಕ್ಕೊಂಡು ಕೂಡ್ತೀನಂತ. ಅಷ್ಟು ಜಾಗ ಅದರಾಗ ಇದ್ರ ಅಂಗಡಿ ಬಾಡಗಿ ಉಳೀತಿತ್ತಲ್ಲರಿ.’

ಆಕೆ ನಗಲಿಲ್ಲ. ಅವನು ರಸ್ತೆಯ ಮೇಲೆ ಹೋಗುವ ಲಾರಿಯನ್ನು ನೋಡುತ್ತ, ದನಿ ಇಳಿಸಿದ.

‘ನಾ ದಿನಾ ಆನಂದಭಾಯಿ ನಂಬರಿಗೆ ಒಂದ ಸಲಾಂ ಕಳಸ್ತೀನಿ ಭಾಬಿ. ಮುಂಜಾನಿ ಆರೂವರಿತನ ಒಂದ ಗೆರಿ ಇರ್ತದ. ಆಮ್ಯಾಗ ಎರಡು ಬೀಳ್ತಾವ. ಫೋನ್ ಚಾಲೂ ಇದ್ರ ಅಷ್ಟ ಎರಡು ಬೀಳೂದು.’ ಲಾರಿ ದಾಟಿಹೋಯಿತು. ‘ಇವತ್ತ ಹತ್ತಕ್ಕ ಕಳಿಸಿದ್ದಕ್ಕೂ ಎರಡು ಬಿದ್ದಾವ. ನಾ ಯಾರಿಗೂ ಹೇಳಿಲ್ಲ. ಅಬ್ಬಾಗೂ ಹೇಳಿಲ್ಲ.’

ಮಹಾಗಾಂವದಲ್ಲಿ ನಡುಗಿದ್ದು ಅದೇ. ಆಕೆ ಬ್ಯಾಗಿನ ಹಿಡಿಕೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಹಾಗಾದರೆ ಇವನಿಗೆ ಮೊದಲಿನಿಂದ ಗೊತ್ತು. ಗೊತ್ತಿದ್ದೂ ಹೆಂಡತಿಯನ್ನು ತವರಿಗೆ ಕಳಿಸಿ ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದಾನೆ. ಯಾಕೆ? ಇದು ಮರ್ಯಾದೆಯೋ, ಅಥವಾ ಎಲ್ಲರ ಮುಂದೆ ಒಮ್ಮೆಲೆ ಎಳೆದು ತೆಗೆಯಲು ಕಾಯ್ದಿಟ್ಟದ್ದೋ? ಅವನ ಮುಖದಲ್ಲಿ ಹುಡುಕಿದಳು. ಗಡ್ಡ ಬೋಳಿಸದ ಮುಖ, ನಿದ್ದೆಗೆಟ್ಟ ಕಣ್ಣು. ಅದರಲ್ಲಿ ಯಾವುದೂ ಬರೆದಿರಲಿಲ್ಲ. ಒಳ್ಳೆಯತನವನ್ನೂ ಹೀಗೆ ಬೆಳಕಿಗೆ ಹಿಡಿದು ಸುಳ್ಳು ನೋಟಿನ ಹಾಗೆ ಪರೀಕ್ಷಿಸುವ ಚಟ ತನಗೆ ಯಾವಾಗ ಹತ್ತಿತು ಎಂದುಕೊಂಡಳು. ಆ ಯೋಚನೆಯೂ ಬೇರೆಯವರದೆಂಬಂತೆ ದಾಟಿಹೋಯಿತು. ಎದುರಿನ ಪಾನಪಟ್ಟಿ ಅಂಗಡಿಯಿಂದ ಇಬ್ಬರು ಇವರನ್ನೇ ನೋಡುತ್ತಿದ್ದರು.

ಹೊಟೇಲಿನಲ್ಲಿ ಇಪ್ಪತ್ತು ಮಂದಿಯಿದ್ದರು. ಗೋಡೆಯ ಮೇಲೆ ಕೆಂಪು ಬಣ್ಣದ ಹಲಗೆ: ‘ಇಲ್ಲಿ ರಾಜಕೀಯ ಮಾತಾಡಬಾರದು’. ಒಂದು ಚುನಾವಣೆಯ ಹೊತ್ತಿನಲ್ಲಿ ಕುರ್ಚಿಗಳು ಮುರಿದ ಮೇಲೆ ಗುಲಾಮ್ ರಸೂಲನೇ ಬರೆಸಿದ್ದು. ಅದರ ಕೆಳಗೆ ಟಿ.ವಿ.ಯಲ್ಲಿ ನಾಲ್ಕು ಮುಖಗಳು ಸದ್ದಿಲ್ಲದೆ ಕೂಗಾಡುತ್ತಿದ್ದವು. ಎಲ್ಲರ ಮುಂದೆ ಕಾಗದದ ಕಪ್ಪುಗಳು, ಫ್ಯಾನಿನ ಗಾಳಿಗೆ ಖಾಲಿಯಾದವು ಉರುಳಿ ಬೀಳುತ್ತಿದ್ದವು. ನಡುವಿನ ಮೇಜಿಗೆ ಕಾಶಿರಾಯ ಮಾಸ್ತರ ಕೂತಿದ್ದರು. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದವರು, ಆನಂದಕುಮಾರನಿಗೂ. ‘ತಂಗಿ ಬಂದಾಳ, ಫ್ಯಾಮಿಲಿ ರೂಮಿನ್ಯಾಗ ಕೂಡಸ್ರಿ’ ಎಂದರು. ಫ್ಯಾಮಿಲಿ ರೂಮೆಂದರೆ ಮೂಲೆಗೆ ಪ್ಲೈವುಡ್ ಹೊಡೆದು ಹೂವಿನ ಪರದೆ ಬಿಟ್ಟ ಜಾಗ. ಮುಖ ಕಾಣುವುದಿಲ್ಲ, ಮಾತು ಕೇಳುತ್ತದೆ. ಯಂಕಪ್ಪ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿದ್ದವನು ಆಕೆಗೆ ಕೈ ಎತ್ತಿದ. ಕುರ್ಚಿಗಳು ಖಾಲಿಯಿದ್ದರೂ ಬೆಂಚಿನ ತುದಿಯಲ್ಲೇ.

ಗುಲಾಮ್ ರಸೂಲ್ ತಾನೇ ಚಹಾ ತಂದ. ಬೆನ್ನು ಬಾಗಿತ್ತು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವನ ಕೈಯಲ್ಲಿ ಕಾಗದದ ಕಪ್ಪಿರಲಿಲ್ಲ. ದಪ್ಪ ತಳದ, ಗೆರೆಗೆರೆಯ ಗಾಜಿನ ಗ್ಲಾಸು.

‘ಹಳೇವು ಬೇಟಾ. ಆರು ಉಳದಾವ. ಆನಂದ ಬಂದ್ರ ಅಷ್ಟ ತೆಗೀತಿದ್ದೆ.’ ಇಟ್ಟವನು ತಕ್ಷಣ ಹೋಗಲಿಲ್ಲ. ‘ನನ್ನ ಮಗ ತಪ್ಪು ಮಾಡಿದ್ರ ಮಾಡ್ಯಾನ. ಖರೇ ಏನದ ಅನ್ನೂದು ಒಂದ ನಂಗ ಗೊತ್ತಾಗಬೇಕು. ಈಗ ರಾತ್ರಿ ಅಂವ ಎದುರಿಗೆ ಉಣ್ಣಾಕ ಕುಂತ್ರ ನಾನೂ ಅವನ ಮುಖ ನೋಡಾಕತ್ತೀನಿ. ಹೆತ್ತ ಮಗನ್ನ.’ ಹೋಗಿಬಿಟ್ಟ. ಚಹಾ ಬಿಸಿಯಿತ್ತು, ಮೊದಲ ಗುಟುಕಿಗೇ ನಾಲಿಗೆ ಸುಟ್ಟು, ಸುಟ್ಟದ್ದು ಗೊತ್ತಾಯಿತು.

ಪರದೆಯಾಚೆ ಮಾಸ್ತರರ ದನಿ ಎದ್ದಿತು, ತರಗತಿಯ ದನಿ. ಐದು ತಿಂಗಳಿಂದ ಊರಿನ ಬಾಯಿ ಬಂದಾಗಿದೆ. ಕುಡಿಯುವ ನೀರಿನ ಮಾತಿಲ್ಲ, ರಸ್ತೆಯ ಮಾತಿಲ್ಲ. ಹೊಸ ಗುಂಪು ಮಾಡಿದರೆ ಅದರಲ್ಲಿ ಯಾರು ಇದ್ದಾರೆ, ಯಾರ ಫೋಟೋ ತೆಗೆದು ಯಾರಿಗೆ ಕಳಿಸುತ್ತಾರೆ ಎಂಬ ಹೆದರಿಕೆ. ಆದ್ದರಿಂದ ಸಲ್ಮಾನ್ ಬರುವ ಗುರುವಾರ ರೋಜಾದ ದರ್ಗಾಕ್ಕೆ ಹೋಗಿ, ಹಿರಿಯರ ಮುಂದೆ ಆಣೆ ಮಾಡಿ ಕಸಂ ತಿನ್ನಲಿ. ತಿಂದರೆ ಮುಗಿಯಿತು. ಇಲ್ಲವಾದರೆ ಅಂಗಡಿ ಖಾಲಿ ಮಾಡಲಿ.

‘ಮಾಡದ್ದಕ್ಕ ಕಸಂ ಯಾಕ ತಿನ್ಲಿ ಮಾಸ್ತರ?’ ಸಲ್ಮಾನ್‌ನ ದನಿ.

‘ಫೋನಿನ ಡಾಕ್ಟರಿಗೆ ಕಸಂ ಅಂದ್ರ ಜ್ವರ ಬರ್ತದ’ ಎಂದರು ಯಾರೋ. ನಾಲ್ಕಾರು ಮಂದಿ ನಕ್ಕರು.

‘ಯಂಕಪ್ಪ, ನೀ ಹೇಳಪ. ನಿನ್ನ ಮಗನ ಹೆಸರು ಕೆಟ್ಟದ. ನೀ ಏನಂತಿ?’

ಬೆಂಚು ಕಿರುಗುಟ್ಟಿತು. ಅವನು ಎದ್ದು ನಿಂತಿರಬೇಕು. ಕೂತು ಮಾತಾಡಬಹುದಾಗಿದ್ದ ಆ ಕಲ್ಲು ಹೋದ ಮೇಲೆ ಮತ್ತೆ ನಿಂತೇ ಮಾತಾಡುತ್ತಾನೆ ಎಂದು ಆಕೆಗೆ ಹೊಳೆಯಿತು.

‘ನಾ ಏನ್ ಅನ್ಲಿ ಮಾಸ್ತರ. ಕಲ್ಲಿನ ಮ್ಯಾಗ ಕುಂತಾಗ ನೀವು ಓದ್ತಿದ್ರಿ, ನಾ ಕೇಳ್ತಿದ್ದೆ. ಆಮ್ಯಾಗ ಫೋನಿನ್ಯಾಗ ಅಂವ ಓದ್ತಿದ್ದ. ಈಗ ಮುಂಜಾನಿ ಅವನ ಹಳೇ ಸುದ್ದಿನ ಹಾಕ್ಕೊಂಡು ಕೇಳ್ತೀನಿ. ಹೋದ ವರ್ಷದ್ದು. ನಂಗ ಅದಽ ಹೊಸಾದು.’

‘ಯಾಕ, ನೀನಽ ಓದಬೇಕಿಲ್ಲ? ದಿನಾ ಪೇಪರ್ ಅಗಲ ಮಾಡಿ ಹಿಡ್ಕೊಂಡು ಕೂಡ್ತಿದ್ದಿ, ಸಾಹೇಬನಂಗ’ ಎಂದಿತು ಇನ್ನೊಂದು ದನಿ.

‘ಹಿಡಿಯೂದು ಬರ್ತದಪ. ಓದೂದು ಬರಂಗಿಲ್ಲ.’

ಮತ್ತೆ ನಗು, ಆಮೇಲೆ ನಗು ತಾನೇ ನಿಂತಿತು. ಯಂಕಪ್ಪ ತಮಾಷೆ ಮಾಡುತ್ತಿಲ್ಲ ಎಂದು ಅವರಿಗೂ ಆಗಲೇ ತಿಳಿದಿರಬೇಕು.

‘ಸಹಿ ಒಂದ ಕಲ್ತೀನಿ, ಐವತ್ತಕ್ಕ. ಆನಂದ ಕೈ ಹಿಡಿದು ತಿದ್ದಿಸಿದ. ಯಾರಿಗೂ ಹೇಳಬ್ಯಾಡ ಅಂದಿದ್ದೆ, ಹೇಳಿಲ್ಲ ನೋಡ್ರಿ, ಹೆಂಡ್ತಿಗೂ ಹೇಳಿಲ್ಲ. ಈ ಫೋನ್ ಬಂದು ನನ್ನ ತಿರುಗಿ ಹೆಬ್ಬಟ್ಟಿಗೆ ತಂದು ನಿಲ್ಲಿಸ್ತು. ಯಾರೇನ ಹಾಕಿದ್ರೂ ನಾ ಒಂದ ಹೆಬ್ಬಟ್ಟು ಒತ್ತತೀನಿ. ಹಾಜರಿ ಇದ್ದಂಗ. ನಾನೂ ಇದ್ದೀನಿ ಅಂತ.’

ಸುಜಾತಾ ಪರದೆಯ ಹೂಗಳನ್ನು ನೋಡುತ್ತ ಕೂತಳು. ನೇರಳೆ ಹೂವು, ಎರಡು ಎಲೆ. ನೇರಳೆ ಹೂವು, ಎರಡು ಎಲೆ. ಸತ್ತವರ ಮನೆಯ ಸುದ್ದಿಗೂ, ಬಾಳೆಹಣ್ಣಿನ ದರಕ್ಕೂ, ಕರೆಂಟು ಹೋಗುವ ಪ್ರಕಟಣೆಗೂ ಬಿದ್ದಿದ್ದ ಅದೇ ಹೆಬ್ಬೆಟ್ಟನ್ನು ಆಕೆ ಬೇರೆಲ್ಲೂ ನೋಡಿರಲಿಲ್ಲವೇ? ನೋಡಿದ್ದಳು. ತನ್ನ ಮೇಲೆ ಬಿದ್ದದ್ದನ್ನು ಮಾತ್ರ ಓದಿದ್ದಳು. ತೀರ್ಪು ಓದುವ ಹಾಗೆ ಐದು ತಿಂಗಳು ಓದಿದ್ದಳು, ವಿಶ್ವವಿದ್ಯಾಲಯದಲ್ಲಿ ಓದಿದವಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಾವನ ಮೇಲಿನ ಸಿಟ್ಟು ಕಾಲ ಕೆಳಗಿನಿಂದ ಎಳೆದ ಚಾಪೆಯಂತೆ ಹೋಗಿ, ನಿಲ್ಲಲು ಬರಿಯ ನೆಲವಿತ್ತು.

‘ತಂಗೀ, ಆ ಫೋನ್ ತಂದೀದೇನು? ಒಂದ ಸಲ ತಂದು ತೋರ್ಸಿಬಿಡು, ನೀ ಹೋಗು.’

ಆಕೆ ಪರದೆ ಸರಿಸಿ, ಒಂದು ಕೈಯಲ್ಲಿ ಗ್ಲಾಸು, ಒಂದು ಕೈಯಲ್ಲಿ ಫೋನು ಹಿಡಿದು ಬಂದು, ಎರಡನ್ನೂ ಮಾಸ್ತರರ ಮೇಜಿನ ಮೇಲೆ ಇಟ್ಟಳು. ಫೋನಿನ ಪರದೆ ಬೆಳಗಿತು. ಆನಂದಕುಮಾರನ ಹೊಸ ಅಂಗಿಯ ಫೋಟೋ.

‘ಚಾಲೂ ಅದ’ ಎಂದರು ಯಾರೋ.

‘ಕಟ್ಟಿ ಬಂದ್ ಮಾಡಿದಾಕಿ ನಾನಽ’ ಎಂದಳು. ‘ಸಲ್ಮಾನ್ ಅಲ್ಲ. ಫೋನ್ ಬಂದ್ ಅದ ಅಂತ ಮಾಮಾಗ ನಾ ಸುಳ್ಳು ಹೇಳೀನಿ.’

ದನಿ ಕಚೇರಿಯಲ್ಲಿ ಅರ್ಜಿಯ ನಂಬರು ಹೇಳುವ ದನಿಯಂತಿತ್ತು. ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅವರ ಮುಖದಲ್ಲಿ ನಂಬಿಕೆಯಿರಲಿಲ್ಲ, ಒಂದು ತೆರನ ಕನಿಕರವಿತ್ತು.

‘ಯಾರು ಹೇಳಿಕೊಟ್ರು ತಂಗಿ ನಿಂಗ ಹೀಂಗ ಅನ್ನಾಕ?’

‘ಆಗಳೇ ಅಂಗಡಿ ಮುಂದ ಇಬ್ರೂ ನಿಂತು ಮಾತಾಡೂದು ನೋಡೀವಲ್ಲ’ ಎಂದಿತು ಹಿಂದಿನಿಂದ ಒಂದು ದನಿ. ‘ಅವನ ಹೆಂಡ್ತಿ ಬ್ಯಾರೆ ತವರಿನ್ಯಾಗ ಅದಾಳ, ಸಲ್ಮಾನಂದು.’

ಸಲ್ಮಾನ್ ಕುರ್ಚಿ ಹಿಂದೆ ತಳ್ಳಿ ಎದ್ದ. ಗುಲಾಮ್ ರಸೂಲ್ ಒಲೆಯ ಹತ್ತಿರದಿಂದಲೇ, ‘ಬೈಠ್’ ಎಂದ. ಅವನು ಕೂತ. ನಿಜವನ್ನು ಮೇಜಿನ ಮೇಲೆ ಇಟ್ಟರೂ ಅದರ ಅಡಿಯಲ್ಲಿ ಏನಿದೆ ಎಂದು ಬಗ್ಗಿ ನೋಡುವ ಈ ಕಣ್ಣುಗಳು ಆಕೆಗೆ ಹೊಸವಾಗಿರಲಿಲ್ಲ. ಒಂದು ತಾಸಿನ ಹಿಂದೆ ತನ್ನ ಮುಖದಲ್ಲೂ ಇದ್ದವು. ಆಕೆ ಫೋನು ಎತ್ತಿಕೊಂಡು, ಕಟ್ಟೆಯನ್ನು ತೆರೆದು, ಐದು ತಿಂಗಳ ಹಿಂದೆ ಒತ್ತಿದ್ದನ್ನೇ ತಿರುಗಿ ಒತ್ತಿದಳು. ಆಮೇಲೆ ಬರೆಯುವ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಕಳಿಸಿದಳು.

ಮೊದಲು ಮಾಸ್ತರರ ಜೇಬಿನಲ್ಲಿ ಸದ್ದಾಯಿತು. ಆಮೇಲೆ ಬೆಂಚಿನ ಮೇಲೆ, ಕಿಟಕಿಯ ಹತ್ತಿರ, ಗಲ್ಲಾಪೆಟ್ಟಿಗೆಯ ಒಳಗೆ, ಯಾರದೋ ಲುಂಗಿಯ ಮಡಿಕೆಯಲ್ಲಿ. ಇಪ್ಪತ್ತು ತಲೆಗಳು ಬಗ್ಗಿದವು. ಇಪ್ಪತ್ತು ಪರದೆಗಳ ಮೇಲೆ ಒಂದೇ ಹೆಸರು.

ಯಂಕಪ್ಪ ತನ್ನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಎಲ್ಲರ ಕಡೆ ನೋಡಿದ.

‘ಏನ್ ಬರದಾನ?’

ಯಾರೂ ಹೇಳಲಿಲ್ಲ.

‘ಓದ್ರಿ ಯಾರಾದ್ರೂ. ಏನ್ ಬರದಾನ ನನ್ನ ಮಗ?’

‘ಬರದಾಕಿ ನಾನು ಮಾಮಾ. ಏನಿಲ್ಲ, ಬರೇ ಒಂದ ಚುಕ್ಕಿ’ ಎಂದಳು. ‘ಅದರ ಮ್ಯಾಲಿಂದು ನಾ ಓದ್ತೀನಿ, ಕೇಳು.’ ಬೆರಳಿನಿಂದ ಮೇಲೆ ಸರಿಸಿದಳು; ದೂರ ಹೋಗಬೇಕಾಗಿರಲಿಲ್ಲ, ಬೀಗಕ್ಕಿಂತ ಮೊದಲಿನ ಕೊನೆಯ ಮಾತು ಅದೇ. ಗಂಡ ಓದುತ್ತಿದ್ದ ಹಾಗೆಯೇ ಮೊದಲು ತಾರೀಖು ಓದಿದಳು, ಆಮೇಲೆ ಊರು, ಆಮೇಲೆ ಬರೆದವರ ಹೆಸರು.

‘ತಂಗೀ, ಅದು ಚಾಷ್ಟಿಗೆ ಬರದದ್ದು’ ಎಂದರು ಮಾಸ್ತರ.

‘“ನಮ್ಮ ಆನಂದಕುಮಾರನ ಪತ್ನಿಗೆ ಗಂಡನ ಕುರ್ಚಿ ದೊರೆತ ವಿಷಯ ತಿಳಿದು ಸಂತೋಷ. ಕುರ್ಚಿ ಸಿಕ್ಕ ಮೇಲೆ ಗಂಡನ ಊರು ಯಾಕೆ ಬೇಕು? ಇನ್ನು ವರ್ಷ ತುಂಬುವುದರೊಳಗೆ ಬೇರೆ ಏನೇನು ಶುಭ ಸುದ್ದಿ ಕೇಳಲಿದ್ದೇವೋ.”’ ತಡವರಿಸದೆ, ಏರಿಳಿತವಿಲ್ಲದೆ ಓದಿದಳು. ಆಮೇಲೆ ನಕ್ಕವರ ಹೆಸರುಗಳು. ಒಂದೊಂದು ಹೆಸರಿಗೂ ಹೊಟೇಲಿನಲ್ಲಿ ಎಲ್ಲೋ ಒಂದು ಕುರ್ಚಿ ಅಲುಗಿತು. ಹನ್ನೊಂದು ಮುಗಿದ ಮೇಲೆ ನಿಲ್ಲಿಸಿದಳು.

‘ನಂದೂ ಇರಬೇಕಲ್ಲ’ ಎಂದ ಯಂಕಪ್ಪ. ನಿಂತೇ ಇದ್ದ. ‘ಓದು.’

‘ಯಂಕಪ್ಪ. ಹೆಬ್ಬೆಟ್ಟು.’

ಅವನು ತನ್ನ ಬಲಗೈಯನ್ನು ಎತ್ತಿ, ಅದು ಬೇರೆ ಯಾರದೋ ಎಂಬಂತೆ ನೋಡಿ, ಮೆಲ್ಲಗೆ ಧೋತರದ ಅಂಚಿಗೆ ಒರೆಸಿಕೊಂಡ. ಒರೆಸಿದ್ದು ಸಾಲದೆಂಬಂತೆ ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ ಬಂದು ಆಕೆ ನಿಂತಿದ್ದ ಮೇಜಿನ ಹತ್ತಿರದ ಒಂದು ಕುರ್ಚಿಯನ್ನು ಎಳೆದು ಕೂತ.

ಸಭೆ ಮುಗಿಯಿತೆಂದು ಯಾರೂ ಹೇಳಲಿಲ್ಲ. ಒಬ್ಬೊಬ್ಬರೇ ಎದ್ದರು. ಕಸಂ ಎಂದಾಗ ಜ್ವರದ ಮಾತಾಡಿದವನು ಸಲ್ಮಾನ್‌ನ ಮುಂದೆ ನಿಂತು, ಫೋನನ್ನು ಅತ್ತಿತ್ತ ತಿರುವಿ, ‘ಇದರದು ಚಾರ್ಜಿಂಗ್ ಪಿನ್ ಸಡ್ಲ ಆಗ್ಯಾದ, ನೋಡ್ತೀಯೇನು’ ಎಂದ. ‘ನಾಳೆ ತರ್ರಿ’ ಎಂದ ಸಲ್ಮಾನ್, ಅವನ ಮುಖ ನೋಡದೆ. ಮಾಸ್ತರರು ಇಸ್ತ್ರಿಯ ಅಂಗಿ ಕೊಡವಿಕೊಂಡು ಎದ್ದವರು ಏನೋ ಹೇಳಲೆಂದು ಆಕೆಯ ಹತ್ತಿರ ಬಂದು, ಗೋಡೆಯ ಕೆಂಪು ಹಲಗೆಯನ್ನು ನೋಡಿ, ಹೊರಟುಹೋದರು. ಬಾಗಿಲಾಚೆ ಇಬ್ಬರು ಪಿಸುಗುಟ್ಟುವುದು ಕೇಳಿಸಿತು: ‘ಆದ್ರೂ ಇವಳಿಗೆ ಹಿಂದ ಯಾರೋ ಇದ್ದಾರ.’ ಕೈಯಲ್ಲಿದ್ದ ಫೋನಿನಲ್ಲಿ ಯಾರೋ ಟೈಪ್ ಮಾಡುತ್ತಿದ್ದಾರೆ ಎಂದು ತೋರಿತು; ಅಳಿಸಿಹೋಯಿತು; ಮತ್ತೆ ತೋರಿತು; ಮತ್ತೆ ಅಳಿಸಿಹೋಯಿತು. ಕಟ್ಟೆ ತೆರೆದಿತ್ತು, ಯಾರೂ ಬಂದು ಕೂಡಲಿಲ್ಲ.

ಗುಲಾಮ್ ರಸೂಲ್ ಬುಟ್ಟಿ ಹಿಡಿದು ಬಂದು ಮೇಜುಗಳ ಮೇಲಿನ ಕಾಗದದ ಕಪ್ಪುಗಳನ್ನು ಬಳಿದು ಹಾಕಿಕೊಂಡ. ನಡುವಿನ ಮೇಜಿಗೆ ಬಂದಾಗ ಆಕೆಯ ಗ್ಲಾಸಿಗೆ ಕೈ ಚಾಚಿದ. ಚಹಾ ಯಾವಾಗಲೋ ಮುಗಿದಿತ್ತು. ತಳದಲ್ಲಿ ಸ್ವಲ್ಪ ಪುಡಿ ಕೂತಿತ್ತು. ಗ್ಲಾಸು ನೆಟ್ಟಗೆ ನಿಂತಿತ್ತು. ಅವನು ಗ್ಲಾಸನ್ನು ನೋಡಿದ, ಆಕೆಯನ್ನು ನೋಡಿದ. ಆಕೆ ಕೈ ಮುಂದೆ ಮಾಡಲಿಲ್ಲ. ಅವನು ಹೆಗಲ ಮೇಲಿನ ಅರಿವೆ ತೆಗೆದು, ಗ್ಲಾಸಿನ ಸುತ್ತಲಿನ ಮೇಜನ್ನೆಲ್ಲ ಒರೆಸಿ, ಅದನ್ನು ಮುಟ್ಟದೆ, ಬುಟ್ಟಿ ಎತ್ತಿಕೊಂಡು ಒಲೆಯ ಕಡೆ ಹೋದ.